ಬೆಳಕಿನ ಬೋರ್ಡು: ಕಂಬ ನೆಡುವುದಕ್ಕೆ ಮೊದಲು

ರೈಲು ನಿಲ್ದಾಣದಲ್ಲಿ, ಬಸ್ಸಿನ ಹಣೆಯ ಮೇಲೆ, ಆಸ್ಪತ್ರೆಯ ಬಾಗಿಲಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಬೆಳಕಿನ ಅಕ್ಷರಗಳ ಬೋರ್ಡುಗಳನ್ನು ನಾವೆಲ್ಲರೂ ದಿನವೂ ನೋಡುತ್ತೇವೆ. ಇವುಗಳಿಗೆ ಡಿಜಿಟಲ್ ಸೈನೇಜ್ ಎಂದು ಹೆಸರು. ಆಡುಮಾತಿನಲ್ಲಿ ಡಿಸ್‌ಪ್ಲೇ ಬೋರ್ಡು ಎನ್ನುತ್ತೇವೆ. ಬಣ್ಣದಿಂದ ಬರೆದ ಹಳೆಯ ಬೋರ್ಡು ಒಮ್ಮೆ ಬರೆದುದನ್ನೇ ಹೇಳುತ್ತಿರುತ್ತದೆ. ಬೆಳಕಿನ ಬೋರ್ಡಾದರೋ ಹೊತ್ತಿಗೆ ತಕ್ಕಂತೆ ಮಾತು ಬದಲಿಸಬಲ್ಲದು. ಅದರ ಹೆಚ್ಚುಗಾರಿಕೆ ಇಷ್ಟೆ. ಅದರ ಅಪಾಯವೂ ಇದರಲ್ಲಿಯೇ ಇದೆ. ಸುಳ್ಳು ಹೇಳುವ ಹಳೆಯ ಬೋರ್ಡನ್ನು ಊರಿನವರು ಕ್ರಮೇಣ ಅರಿತುಕೊಳ್ಳುತ್ತಾರೆ. ಗಳಿಗೆಗೊಂದು ಮಾತು ಹೇಳುವ ಬೋರ್ಡು ತಪ್ಪಿದರೆ ಅದನ್ನು ನಂಬಿ ನಿಂತವನಿಗೆ ರೈಲೇ ತಪ್ಪುತ್ತದೆ.

ನಾಸಿಕದ ಸಾತಪುರ, ಅಂಬಡಗಳಲ್ಲಿಯೂ ಛತ್ರಪತಿ ಸಂಭಾಜಿನಗರದ ವಾಳುಜ, ಚಿಕಲಠಾಣಾ, ಶೇಂದ್ರಾಗಳಲ್ಲಿಯೂ ದುಡಿಯುವ ನಮ್ಮ ಜನರಲ್ಲಿ ಇಂಥ ಬೋರ್ಡುಗಳಿಗೆ ತಂತಿ ಜೋಡಿಸುವವರು ಇರಬಹುದು; ಅವುಗಳ ಟೆಂಡರು ಕಾಗದಗಳನ್ನು ಬೆರಳಚ್ಚು ಮಾಡುವ, ಬಿಲ್ಲು ಪರಿಶೀಲಿಸುವ ಗುಮಾಸ್ತರೂ ಇರಬಹುದು. ಓದುವವರಂತೂ ಎಲ್ಲರೂ ಹೌದು. ಆದುದರಿಂದ ಈ ಬೋರ್ಡುಗಳ ಕೆಲಸದಲ್ಲಿ ಮೊದಲನೆಯದಾದ ವಿನ್ಯಾಸದ ಹಂತವನ್ನು ಕುರಿತು ಈ ಪಾಠದಲ್ಲಿ ವಿಚಾರ ಮಾಡೋಣ. ಪಾಠದ ಸಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬೋರ್ಡಿನ ಗುಣದೋಷಗಳಲ್ಲಿ ಹೆಚ್ಚಿನವು ಅದನ್ನು ಕೊಳ್ಳುವುದಕ್ಕೆ ಮೊದಲೇ, ಕಾಗದದ ಮೇಲೆಯೇ ನಿಶ್ಚಯವಾಗಿಬಿಡುತ್ತವೆ. ಕಾಗದದ ಮೇಲಿನ ತಪ್ಪನ್ನು ತಿದ್ದಲು ರಬ್ಬರು ಸಾಕು. ಕಂಬ ನೆಟ್ಟ ಮೇಲೆ ತಿದ್ದಲು ಕ್ರೇನು ಬೇಕು.

1. ಬೋರ್ಡು ಯಾರಿಗಾಗಿ?

ವಿನ್ಯಾಸವೆಂದರೆ ಬಣ್ಣ ಮತ್ತು ಅಂದ ಎಂದು ಅನೇಕರ ತಿಳಿವಳಿಕೆ. ಅದು ಕೊನೆಯ ಮಾತು. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಬೋರ್ಡಿನ ಮುಂದೆ ನಿಲ್ಲುವವರು ಯಾರು? ಅದನ್ನು ಓದಿದ ಮೇಲೆ ಅವರು ಏನು ಮಾಡಬೇಕಾಗಿದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಾಳುಜದಲ್ಲಿ ಕೆಲಸ ಮಾಡುವ ಕಲಬುರಗಿಯ ಕಾರ್ಮಿಕನೊಬ್ಬನು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಬೇಕಾಗಿದೆ. ಆ ಗಾಡಿ ಸಂಭಾಜಿನಗರಕ್ಕೂ ಬರುವುದಿಲ್ಲ, ನಾಸಿಕ ರೋಡಿಗೂ ಬರುವುದಿಲ್ಲ. ಅವನು ಸುಮಾರು 110 ಕಿಲೋಮೀಟರು ಹೋಗಿ ಮನಮಾಡ ಜಂಕ್ಷನ್ನಿನಲ್ಲಿ ಅದನ್ನು ಹಿಡಿಯಬೇಕು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಗಾಡಿಯ ಸಂಖ್ಯೆ 12627. ದೆಹಲಿಯಿಂದ ಬೆಂಗಳೂರಿಗೆ ಬರುವುದರ ಸಂಖ್ಯೆ 12628. ಹೆಸರು ಎರಡಕ್ಕೂ ಒಂದೇ; ಸಂಖ್ಯೆಯಲ್ಲಿ ಕೊನೆಯ ಅಂಕೆ ಮಾತ್ರ ಬೇರೆ. ಒಂದು ಹತ್ತಿದರೆ ಊರು, ಇನ್ನೊಂದು ಹತ್ತಿದರೆ ಭುಸಾವಳ. ಹೀಗಿರಲು ಬೋರ್ಡಿನ ಮೇಲೆ ‘ಕರ್ನಾಟಕ ಎಕ್ಸ್‌ಪ್ರೆಸ್’ ಎಂದು ದೊಡ್ಡದಾಗಿ ಬರೆದು, ‘ಬೆಂಗಳೂರು’ ಎಂಬುದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದರೆ ಹೇಗಾದೀತು? ಬೋರ್ಡು ಸುಳ್ಳು ಹೇಳಿದಂತಾಗುವುದಿಲ್ಲ. ಆದರೆ ಪ್ರಯಾಣಿಕನಿಗೆ ಬೇಕಾದುದನ್ನು ಹೇಳಿದಂತೆಯೂ ಆಗುವುದಿಲ್ಲ. ಅವನಿಗೆ ಬೇಕಾದುದು ಗಾಡಿ ಹೋಗುವ ಊರು, ಪ್ಲಾಟ್‌ಫಾರಂ, ಹೊತ್ತು, ಆಮೇಲೆ ಸಂಖ್ಯೆ. ಹೆಸರು ಎಲ್ಲಕ್ಕೂ ಕೊನೆಯದು.

ಓದುವವನು ಮಾಡಬೇಕಾದ ಕೆಲಸದಿಂದ ಮಾತಿನ ಕ್ರಮ ಹುಟ್ಟುತ್ತದೆ; ಮಾತಿನ ಕ್ರಮದಿಂದ ಬೋರ್ಡಿನ ಅಳತೆ ಹುಟ್ಟುತ್ತದೆ. ಇದನ್ನು ತಿರುವುಮುರುವು ಮಾಡಿ, ಅಂಗಡಿಯಲ್ಲಿ ಸಿಕ್ಕಿದ ಅಳತೆಯ ಬೋರ್ಡನ್ನು ಮೊದಲು ಕೊಂಡು ಆಮೇಲೆ ಅದರೊಳಗೆ ಮಾತು ತುರುಕುವುದು ಸಾಮಾನ್ಯವಾಗಿ ನಡೆಯುವ ತಪ್ಪು.

ಓದುಬರಹ ಬಾರದವರ ಗತಿಯೇನು ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಮೆಕ್ಸಿಕೋ ನಗರದ ಮೆಟ್ರೋ ರೈಲು 1969ರಲ್ಲಿ ಆರಂಭವಾದಾಗ, ಲ್ಯಾನ್ಸ್ ವೈಮನ್ ಎಂಬ ವಿನ್ಯಾಸಕಾರರ ಯೋಜನೆಯಂತೆ ಪ್ರತಿಯೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರವನ್ನು ಗುರುತಾಗಿ ಕೊಟ್ಟರು. ಅಕ್ಷರ ಅರಿಯದವರೂ ತಮ್ಮ ನಿಲ್ದಾಣವನ್ನು ಚಿತ್ರದಿಂದ ಗುರುತಿಸಬಹುದಾಯಿತು. ಅಷ್ಟು ದೂರ ಹೋಗುವುದೂ ಬೇಡ. ನಾಸಿಕದ ರಾಮಕುಂಡದ ಬಳಿ ಗೋದಾವರಿಯಲ್ಲಿ ದುತೋಂಡ್ಯಾ ಮಾರುತಿ, ಎಂದರೆ ಎರಡು ಮುಖದ ಮಾರುತಿಯ ಎತ್ತರವಾದ ವಿಗ್ರಹವಿದೆಯಷ್ಟೆ. ಮಳೆಗಾಲದಲ್ಲಿ ನೀರು ಮಾರುತಿಯ ಮೊಣಕಾಲಿಗೆ ಬಂದಿತೇ, ಸೊಂಟಕ್ಕೆ ಬಂದಿತೇ, ಎದೆಗೆ ಬಂದಿತೇ ಎಂಬುದರಿಂದಲೇ ಊರಿನವರು ಪ್ರವಾಹದ ಬಲವನ್ನು ಅಳೆಯುತ್ತಾರೆ. ಅಲ್ಲಿ ಅಕ್ಷರವಿಲ್ಲ, ವಿದ್ಯುತ್ತಿಲ್ಲ, ಭಾಷೆಯಿಲ್ಲ. ಆದರೂ ಊರಿಗೆ ಊರೇ ಓದಬಲ್ಲ ಸೂಚನೆ ಅದು. ನಮ್ಮ ಬೆಳಕಿನ ಬೋರ್ಡು ಅಷ್ಟು ಸ್ಪಷ್ಟವಾಗಬೇಕಾದರೆ ನೀರು, ಶೌಚಾಲಯ, ಔಷಧೋಪಚಾರ, ಹೊರಹೋಗುವ ದಾರಿ ಮೊದಲಾದ ಮುಖ್ಯ ವಿಷಯಗಳಿಗೆ ಮಾತಿನ ಜೊತೆಗೆ ಚಿತ್ರವೂ ಇರಬೇಕು.

2. ಸ್ಥಳವನ್ನು ನೋಡುವುದು

ಎರಡನೆಯದು ಸ್ಥಳ ಪರಿಶೀಲನೆ. ಕಚೇರಿಯಲ್ಲಿ ಕುಳಿತು ನಕ್ಷೆಯ ಮೇಲೆ ಚುಕ್ಕೆ ಇಟ್ಟರೆ ಸಾಲದು. ಒಬ್ಬರು ಸ್ಥಳಕ್ಕೆ ಹೋಗಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಜನಸಂದಣಿಯ ಹೊತ್ತಿನಲ್ಲಿ ಒಮ್ಮೆ ನಿಂತು ನೋಡಬೇಕು. ನೋಡಬೇಕಾದ ಸಂಗತಿಗಳು ಇವು:

ಅ) ಜನರು ಯಾವ ಕಡೆಯಿಂದ ಬರುತ್ತಾರೆ? ಬೋರ್ಡಿಗೂ ಅವರಿಗೂ ನಡುವೆ ಮರದ ಕೊಂಬೆ, ಅಂಗಡಿಯ ತಗಡು, ಜಾಹೀರಾತಿನ ಬಟ್ಟೆ, ನಿಂತ ಬಸ್ಸು ಅಡ್ಡ ಬರುತ್ತವೆಯೆ?

ಆ) ಬಿಸಿಲು ಯಾವ ಹೊತ್ತಿನಲ್ಲಿ ಬೋರ್ಡಿನ ಮುಖಕ್ಕೆ ಬೀಳುತ್ತದೆ? ಪಶ್ಚಿಮಕ್ಕೆ ಮುಖ ಮಾಡಿದ ಬೋರ್ಡು ಸಂಜೆಯ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಮಂಕಾಗುತ್ತದೆ. ಬೆಳಕಿನ ಪ್ರಖರತೆಯನ್ನು ‘ನಿಟ್’ ಎಂಬ ಮಾನದಿಂದ ಅಳೆಯುತ್ತಾರೆ. ಕೋಣೆಯೊಳಗಿನ ಪರದೆಗೆ 300ರಿಂದ 500 ನಿಟ್ ಸಾಕಾಗುತ್ತದೆ. ನೇರ ಬಿಸಿಲಿನಲ್ಲಿ ನಿಲ್ಲುವ ಬೋರ್ಡಿಗೆ ಸಾಮಾನ್ಯವಾಗಿ 5,000 ನಿಟ್‌ಗಳಷ್ಟು ಬೇಕಾಗುತ್ತದೆ. ಅದೇ ಪ್ರಖರತೆ ರಾತ್ರಿಯಲ್ಲಿ ಕಣ್ಣು ಕೋರೈಸುವುದರಿಂದ, ಕತ್ತಲಾದೊಡನೆ ತಾನಾಗಿ ಬೆಳಕು ತಗ್ಗಿಸಿಕೊಳ್ಳುವ ಏರ್ಪಾಡನ್ನು ವಿನ್ಯಾಸದಲ್ಲಿಯೇ ಬರೆಯಬೇಕು.

ಇ) ಮಳೆ, ಧೂಳು, ಸೆಕೆ ಹೇಗಿವೆ? ಹೊರಗೆ ನಿಲ್ಲುವ ಪೆಟ್ಟಿಗೆಗೆ ‘ಐಪಿ-65’ ಎಂಬ ದರ್ಜೆಯನ್ನು ಕೇಳುವುದು ವಾಡಿಕೆ. ಅದರಲ್ಲಿ 6 ಎಂದರೆ ಧೂಳು ಒಳಗೆ ಹೋಗದು. 5 ಎಂದರೆ ಯಾವ ಕಡೆಯಿಂದ ನೀರಿನ ಧಾರೆ ಹೊಡೆದರೂ ಕೆಡದು. ಬೇಸಗೆಯಲ್ಲಿ ಮರಾಠವಾಡದ ಬಿಸಿಲು 40 ಡಿಗ್ರಿ ದಾಟುವುದುಂಟು. ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗೆ ಅದಕ್ಕಿಂತ ಹೆಚ್ಚಿನ ಸೆಕೆ. ಆದುದರಿಂದ ಬಿಸಿಗಾಳಿ ಹೊರಹೋಗುವ ದಾರಿಯೂ ಇರಬೇಕು. ನದಿಯ ದಡದಲ್ಲಾದರೆ ವಿದ್ಯುತ್ ಪೆಟ್ಟಿಗೆಯು ಪ್ರವಾಹದ ಗುರುತಿಗಿಂತ ಮೇಲಿರಬೇಕು.

ಈ) ವಿದ್ಯುತ್ತು ಎಲ್ಲಿಂದ ಬರುತ್ತದೆ, ಮೀಟರು ಯಾರ ಹೆಸರಿನಲ್ಲಿ ಇರುತ್ತದೆ? ಸರಾಸರಿ 500 ವಾಟ್ ಎಳೆಯುವ ಬೋರ್ಡು ದಿನಕ್ಕೆ 18 ಗಂಟೆ ಉರಿದರೆ 9 ಯೂನಿಟ್; ತಿಂಗಳಿಗೆ 270 ಯೂನಿಟ್. ಈ ಬಿಲ್ಲನ್ನು ಯಾವ ಖಾತೆಯಿಂದ ಕೊಡುವುದೆಂದು ಮೊದಲೇ ಬರೆಯದಿದ್ದರೆ, ಉದ್ಘಾಟನೆಯಾದ ಬೋರ್ಡು ಕೆಲವು ತಿಂಗಳಲ್ಲಿ ಕಪ್ಪು ಹಲಗೆಯಾದರೆ ಆಶ್ಚರ್ಯವಿಲ್ಲ.

3. ಅಕ್ಷರದ ಅಳತೆ

ಈಗ ಲೆಕ್ಕಕ್ಕೆ ಬರೋಣ. ಬೋರ್ಡು ಬರೆಯುವವರಲ್ಲಿ ಒಂದು ಹಳೆಯ ಸೂತ್ರವುಂಟು: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ. ಮೆಟ್ರಿಕ್ ಮಾನದಲ್ಲಿ ಹೇಳುವುದಾದರೆ ಮೂರು ಮೀಟರಿಗೆ ಸುಮಾರು ಎರಡೂವರೆ ಸೆಂಟಿಮೀಟರು. ಇದು ನೆಮ್ಮದಿಯಾಗಿ ಓದುವ ದೂರ; ಚುರುಕು ಕಣ್ಣಿನವರು ಇನ್ನೂ ದೂರದಿಂದ ಓದಿಯಾರು. ಆದರೆ ಬೋರ್ಡನ್ನು ಚುರುಕು ಕಣ್ಣಿನವರಿಗಾಗಿ ಮಾಡುವುದಲ್ಲ. ಎರಡು ಪಾಳಿ ದುಡಿದು ದಣಿದವನೂ ಕನ್ನಡಕ ಮರೆತ ಮುದುಕಿಯೂ ಓದಬೇಕು.

ಬೆಳಕಿನ ಬೋರ್ಡಿನಲ್ಲಿ ಅಕ್ಷರವು ಚುಕ್ಕೆಗಳಿಂದ ಆಗುತ್ತದೆ. ಒಂದು ಚುಕ್ಕೆಯ ನಡುವಿನಿಂದ ಪಕ್ಕದ ಚುಕ್ಕೆಯ ನಡುವಿಗೆ ಇರುವ ಅಂತರವನ್ನು ‘ಪಿಚ್’ ಎನ್ನುತ್ತಾರೆ. ಪಿ-10 ಎಂದರೆ ಆ ಅಂತರ 10 ಮಿಲಿಮೀಟರು, ಪಿ-4 ಎಂದರೆ 4 ಮಿಲಿಮೀಟರು. ಎಷ್ಟು ಮಿಲಿಮೀಟರು ಪಿಚ್ಚೋ ಸುಮಾರು ಅಷ್ಟು ಮೀಟರಿಗಿಂತ ದೂರದಿಂದ ನೋಡಿದರೆ ಚುಕ್ಕೆಗಳು ಕೂಡಿಕೊಂಡು ನಯವಾಗಿ ಕಾಣುತ್ತವೆ ಎಂಬುದು ಇನ್ನೊಂದು ಸೂತ್ರ. ಆದುದರಿಂದ ಮೂರು ಮೀಟರಿನಿಂದ ಓದುವ ಬಸ್ ತಂಗುದಾಣದ ಬೋರ್ಡಿಗೆ ಪಿ-10 ಒರಟು. ರಸ್ತೆಯ ಆಚೆಯಿಂದ ಓದುವ ಬೋರ್ಡಿಗೆ ಪಿ-4 ಅನಗತ್ಯ ಖರ್ಚು.

ಅಂಗಡಿಗಳ ಮುಂದೆ ನಾವು ಹೆಚ್ಚಾಗಿ ಕಾಣುವ ಪಿ-10 ತುಂಡೊಂದರಲ್ಲಿ ಅಡ್ಡಕ್ಕೆ 32 ಚುಕ್ಕೆ, ಉದ್ದಕ್ಕೆ 16 ಚುಕ್ಕೆ ಇರುತ್ತವೆ. ಅಳತೆ 32 ಸೆಂಟಿಮೀಟರು ಅಗಲ, 16 ಸೆಂಟಿಮೀಟರು ಎತ್ತರ. ಇಂಥ ತುಂಡುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿಯೇ ಬೋರ್ಡು ಮಾಡುವುದು. ಇಂಗ್ಲಿಷಿನ ದೊಡ್ಡಕ್ಷರವೊಂದಕ್ಕೆ ಕನಿಷ್ಠ 5 ಚುಕ್ಕೆ ಅಗಲ, 7 ಚುಕ್ಕೆ ಎತ್ತರ ಬೇಕು. ಅಕ್ಷರಗಳ ನಡುವೆ 1 ಚುಕ್ಕೆ ಬಿಡಬೇಕು. ಏಳು ಚುಕ್ಕೆ ಎಂದರೆ 7 ಸೆಂಟಿಮೀಟರು. ಮೇಲಿನ ಸೂತ್ರದಂತೆ ಇದನ್ನು ನೆಮ್ಮದಿಯಾಗಿ ಓದುವ ದೂರ ಎಂಟು ಮೀಟರಿಗೆ ಸ್ವಲ್ಪ ಹೆಚ್ಚು. ಬರುತ್ತಿರುವ ಬಸ್ಸಿಗೆ ಕೈ ತೋರಿಸಬೇಕಾದವನಿಗೆ ಇಷ್ಟು ಸಾಲದು. ಆದುದರಿಂದ ಬಸ್ಸಿನ ಸಂಖ್ಯೆಯನ್ನಾದರೂ 16 ಚುಕ್ಕೆಗಳ ಪೂರ್ಣ ಎತ್ತರದಲ್ಲಿ ತೋರಿಸಬೇಕು. ಆಗ ಅದು 19 ಮೀಟರಿನಿಂದ ಕಾಣುತ್ತದೆ.

4. ಊರಿನ ಹೆಸರು ಬದಲಾದಾಗ

ನಮ್ಮ ಕಣ್ಣೆದುರಿನ ಉದಾಹರಣೆಯೇ ಒಂದಿದೆ. ಔರಂಗಾಬಾದ್ ನಗರವು 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ರೈಲು ನಿಲ್ದಾಣದ ಹೆಸರು 2025ರಲ್ಲಿ ಬದಲಾಯಿತು. ಹೆಸರಿನ ಹಿಂದಿನ ಚರಿತ್ರೆಯ ಚರ್ಚೆ ಇಲ್ಲಿ ಬೇಡ. ಬೋರ್ಡಿನ ದೃಷ್ಟಿಯಿಂದ ಮಾತ್ರ ನೋಡೋಣ.

ಇಂಗ್ಲಿಷ್ ಅಕ್ಷರಗಳಲ್ಲಿ ಹಳೆಯ ಹೆಸರಿಗೆ 10 ಅಕ್ಷರ. ಅಕ್ಷರಕ್ಕೆ 5 ಚುಕ್ಕೆ, ನಡುವೆ 1 ಚುಕ್ಕೆಯಂತೆ ಒಟ್ಟು 59 ಚುಕ್ಕೆ. ಎರಡು ತುಂಡಿನ ಬೋರ್ಡಿನಲ್ಲಿ 64 ಚುಕ್ಕೆ ಇರುವುದರಿಂದ ಹೆಸರು ಸರಿಯಾಗಿ ಹಿಡಿಸುತ್ತಿತ್ತು. ಹೊಸ ಹೆಸರಿನ ಎರಡು ಪದಗಳಲ್ಲಿ 11 ಮತ್ತು 13 ಅಕ್ಷರ. ನಡುವಿನ ತೆರಪೂ ಸೇರಿ 25 ಸ್ಥಾನ. ಅದಕ್ಕೆ 149 ಚುಕ್ಕೆ ಬೇಕು, ಎಂದರೆ ಐದು ತುಂಡು. ಅರವತ್ತನಾಲ್ಕು ಸೆಂಟಿಮೀಟರಿನ ಬೋರ್ಡು ಒಂದು ಮೀಟರು ಅರವತ್ತು ಸೆಂಟಿಮೀಟರು ಆಗಬೇಕಾಯಿತು.

ಆಗ ಸಾಮಾನ್ಯವಾಗಿ ಮಾಡುವ ಉಪಾಯವೇನೆಂದರೆ ಹಳೆಯ ಬೋರ್ಡಿನಲ್ಲಿಯೇ ಹೊಸ ಹೆಸರನ್ನು ಬಲದಿಂದ ಎಡಕ್ಕೆ ಹರಿಯಬಿಡುವುದು. ಇದರ ಫಲವನ್ನೂ ಲೆಕ್ಕ ಹಾಕೋಣ. ಹೆಸರು ಪೂರ್ತಿಯಾಗಿ ಬಂದು ಹೋಗಬೇಕಾದರೆ 149ಕ್ಕೆ 64 ಕೂಡಿಸಿ 213 ಚುಕ್ಕೆ ಸರಿಯಬೇಕು. ಸೆಕೆಂಡಿಗೆ 30 ಚುಕ್ಕೆ ಸರಿದರೆ ಏಳು ಸೆಕೆಂಡು ಹಿಡಿಯುತ್ತದೆ. ಗಂಟೆಗೆ 20 ಕಿಲೋಮೀಟರು ವೇಗದ ಬಸ್ಸು ಏಳು ಸೆಕೆಂಡಿನಲ್ಲಿ ಸುಮಾರು 39 ಮೀಟರು ಮುಂದೆ ಹೋಗಿರುತ್ತದೆ. ಎಂದರೆ, ಹೆಸರಿನ ಕೊನೆಯ ಅಕ್ಷರ ಕಾಣುವ ಹೊತ್ತಿಗೆ ಬಸ್ಸು ನಮ್ಮನ್ನು ದಾಟಿ ಹೋಗಿದೆ!

ವಿನ್ಯಾಸದ ಹಂತದಲ್ಲಿ ಇದಕ್ಕೆ ಬೇರೆ ದಾರಿಗಳಿವೆ. ಎರಡು ಪದಗಳನ್ನು ಮೇಲೆ ಕೆಳಗೆ ಎರಡು ಸಾಲಾಗಿ ಬರೆಯಬಹುದು. 13 ಅಕ್ಷರಕ್ಕೆ 77 ಚುಕ್ಕೆ, ಎಂದರೆ ಮೂರು ತುಂಡಿನ ಅಗಲ, ಎರಡು ತುಂಡಿನ ಎತ್ತರ, ಒಟ್ಟು ಆರು ತುಂಡು. ಒಂದೇ ಸಾಲಿನ ಐದು ತುಂಡಿಗಿಂತ ಒಂದು ಹೆಚ್ಚು. ಆದರೆ ಬೋರ್ಡಿನ ಅಗಲ ಒಂದು ಮೀಟರಿನೊಳಗೆ ನಿಲ್ಲುತ್ತದೆ, ಹೆಸರೂ ಅಲುಗಾಡದೆ ನಿಲ್ಲುತ್ತದೆ. ಅಥವಾ ಅಧಿಕಾರಿಗಳು ಒಪ್ಪಿದ ಒಂದು ಸಂಕ್ಷಿಪ್ತ ರೂಪವನ್ನು ಎಲ್ಲಾ ಬೋರ್ಡುಗಳಲ್ಲಿಯೂ ಒಂದೇ ಬಗೆಯಾಗಿ ಬಳಸಬಹುದು. ಇದರಿಂದ ಕಲಿಯಬೇಕಾದುದು: ಇಂದಿನ ಹೆಸರುಗಳ ಅಳತೆಗೆ ಸರಿಯಾಗಿ ಬೋರ್ಡು ಮಾಡಬಾರದು, ಆ ಮಾರ್ಗದಲ್ಲಿ ಬರಬಹುದಾದ ಅತಿ ಉದ್ದದ ಹೆಸರನ್ನು ಬರೆದು ನೋಡಿಯೇ ಅಳತೆ ನಿಶ್ಚಯಿಸಬೇಕು.

5. ಭಾಷೆ, ಲಿಪಿ, ಅಂಕೆ

ಇಂಗ್ಲಿಷ್ ಅಕ್ಷರಕ್ಕೆ ಏಳು ಚುಕ್ಕೆಗಳ ಎತ್ತರ ಸಾಕೆಂದೆವು. ನಮ್ಮ ಲಿಪಿಗಳಿಗೆ ಅದು ಸಾಲದು. ದೇವನಾಗರಿಗೆ ತಲೆಗೆರೆ ಬೇಕು, ಅದರ ಮೇಲೆ ಮಾತ್ರೆ, ಕೆಳಗೆ ಉಕಾರ ಬೇಕು. ಕನ್ನಡಕ್ಕೆ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ. ‘ರಾಷ್ಟ್ರ’ ಎಂಬಂಥ ಮಾತಿನಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಮೇಲಕ್ಕೆ ಮೂರು, ನಡುವೆ ಏಳು, ಕೆಳಗೆ ಆರು ಎಂದು ಹಂಚಿದರೆ 16 ಚುಕ್ಕೆಗಳೂ ಮುಗಿದುಹೋಗುತ್ತವೆ; ಎರಡನೆಯ ಒತ್ತಿಗೆ ನೆಲವೇ ಇಲ್ಲ. ಆದುದರಿಂದ ಕನ್ನಡವನ್ನೋ ಮರಾಠಿಯನ್ನೋ ಚೆನ್ನಾಗಿ ತೋರಿಸಬೇಕಾದ ಬೋರ್ಡಿಗೆ ಸಾಲೊಂದಕ್ಕೆ 24 ಚುಕ್ಕೆಗಳನ್ನಾದರೂ ಇಡಬೇಕು. 32 ಆದರೆ ನೆಮ್ಮದಿ. ಇಂಗ್ಲಿಷಿಗಾಗಿ ಅಳತೆ ಮಾಡಿದ ಬೋರ್ಡಿನಲ್ಲಿ ನಮ್ಮ ಭಾಷೆಯನ್ನು ಆಮೇಲೆ ‘ಸೇರಿಸುತ್ತೇವೆ’ ಎನ್ನುವ ಮಾತನ್ನು ಗುಮಾಸ್ತರು ಟೆಂಡರಿನಲ್ಲಿ ಕಂಡರೆ ಅಲ್ಲಿಯೇ ಗುರುತು ಹಾಕಬೇಕು.

ಇನ್ನೊಂದು ತೊಡಕು ಯಂತ್ರದೊಳಗಿನದು. ನಮ್ಮ ಅಕ್ಷರಗಳು ಕೂಡಿಕೊಂಡು ರೂಪ ಬದಲಿಸುತ್ತವೆ. ಈ ಕೂಡುವಿಕೆಯನ್ನು ಅರಿಯದ ಯಂತ್ರವು ‘ಸ್ಟೇಷನ್’ ಎಂಬುದನ್ನು ‘ಸ್‌ಟೇಷನ್’ ಎಂದು ಒಡೆದು ತೋರಿಸುತ್ತದೆ; ದೇವನಾಗರಿಯಲ್ಲಿ ಅಕ್ಷರದ ಎಡಕ್ಕೆ ಬರಬೇಕಾದ ಹ್ರಸ್ವ ಇಕಾರವನ್ನು ಬಲಕ್ಕೆ ಅಂಟಿಸುತ್ತದೆ. ಪಠ್ಯವೆಲ್ಲ ಯೂನಿಕೋಡ್ ಕ್ರಮದಲ್ಲಿರಬೇಕು, ಬೋರ್ಡಿನ ಯಂತ್ರ ಸಂಯುಕ್ತಾಕ್ಷರಗಳನ್ನು ಸರಿಯಾಗಿ ಕೂಡಿಸಬೇಕು ಎಂಬ ಎರಡು ಷರತ್ತುಗಳನ್ನು ಮೊದಲೇ ಬರೆಯಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ಕ್ರಮದಲ್ಲಿ ಬೆರಳಚ್ಚು ಮಾಡಿದ ಕಾಗದವನ್ನು ಹಾಗೆಯೇ ಬೋರ್ಡಿಗೆ ಕೊಟ್ಟರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ.

ಅಂಕೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ದೇವನಾಗರಿಯ ಒಂದು, ಅಭ್ಯಾಸವಿಲ್ಲದವನ ಕಣ್ಣಿಗೆ 9ರಂತೆ ಕಾಣುತ್ತದೆ. ಹೊಸದಾಗಿ ಬಂದ ನಮ್ಮವನು ಒಂದನೆಯ ನಂಬರಿನ ಬಸ್ಸನ್ನು ಒಂಬತ್ತನೆಯದೆಂದು ಹತ್ತಿಯಾನು. ನಮ್ಮ ಸಂವಿಧಾನದ 343ನೆಯ ಅನುಚ್ಛೇದವು ಕೇಂದ್ರ ಸರ್ಕಾರದ ಕೆಲಸಕ್ಕೆ ಭಾರತೀಯ ಅಂಕೆಗಳ ಅಂತರರಾಷ್ಟ್ರೀಯ ರೂಪವನ್ನು ಗೊತ್ತುಪಡಿಸಿದೆ. ಹೆಚ್ಚು ಜನರಿಗೆ ಪರಿಚಿತವಾದ ಆ ರೂಪದಲ್ಲಿ ಸಂಖ್ಯೆಯನ್ನು ದೊಡ್ಡದಾಗಿ, ಒಂದೇ ಸ್ಥಾನದಲ್ಲಿ ಸ್ಥಿರವಾಗಿ ಇಡುವುದು ಕ್ಷೇಮ.

ಸ್ಥಿರವಾಗಿ ಎಂಬ ಮಾತಿಗೆ ಕಾರಣವುಂಟು. ಮೂರು ಭಾಷೆಗಳನ್ನು ಸರದಿಯಂತೆ ಹತ್ತು ಹತ್ತು ಸೆಕೆಂಡು ತೋರಿಸುವ ಬೋರ್ಡಿನ ಮುಂದೆ, ತನ್ನ ಭಾಷೆ ಈಗಷ್ಟೆ ಹೋಯಿತೆನ್ನುವ ಹೊತ್ತಿಗೆ ಬಂದವನು ಇಪ್ಪತ್ತು ಸೆಕೆಂಡು ಕಾಯಬೇಕಾಗುತ್ತದೆ. ಗಾಡಿ ಹೊರಡುವ ಹೊತ್ತಿನಲ್ಲಿ ಅದು ಅಲ್ಪಕಾಲವಲ್ಲ. ಭಾಷೆ ಬದಲಾಗುತ್ತಿರಲಿ, ಪ್ಲಾಟ್‌ಫಾರಂ ಸಂಖ್ಯೆ ಮತ್ತು ಹೊತ್ತು ಮಾತ್ರ ಅಲುಗದೆ ಅಲ್ಲಿಯೇ ನಿಂತಿರಲಿ.

ಯಾವ ಭಾಷೆ ಮೊದಲು ಎಂಬುದಕ್ಕೆ ಕಾನೂನೂ ಉಂಟು, ನ್ಯಾಯವೂ ಉಂಟು. ಮಹಾರಾಷ್ಟ್ರದಲ್ಲಿ ಅಂಗಡಿಗಳ ನಾಮಫಲಕದಲ್ಲಿ ಮರಾಠಿ ಇರಲೇಬೇಕು, ಅದರ ಅಕ್ಷರ ಬೇರೆ ಲಿಪಿಯದಕ್ಕಿಂತ ಸಣ್ಣದಾಗಿರಬಾರದು ಎಂದು 2022ರ ತಿದ್ದುಪಡಿ ಹೇಳುತ್ತದೆ. ಕರ್ನಾಟಕದಲ್ಲಿ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ನಮ್ಮ ನಾಡಿನಲ್ಲಿ ಕನ್ನಡಕ್ಕೆ ಯಾವ ಸ್ಥಾನ ಬೇಕೆಂದು ನಾವು ಬಯಸುತ್ತೇವೆಯೋ ಇಲ್ಲಿ ಮರಾಠಿಗೆ ಅದೇ ಸ್ಥಾನ ಸಲ್ಲತಕ್ಕದ್ದು. 1956ರ ವರೆಗೆ ಔರಂಗಾಬಾದೂ ಬೀದರ, ಕಲಬುರಗಿ, ರಾಯಚೂರುಗಳೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು. ಎರಡು ಮೂರು ಭಾಷೆಗಳ ನಡುವೆ ಬಾಳುವುದು ಆ ಕಡೆಯ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಮರಾಠಿಯ ಅಗ್ರಸ್ಥಾನಕ್ಕೆ ಕುಂದಿಲ್ಲದಂತೆ, ಕನ್ನಡಿಗರು ಹೆಚ್ಚಾಗಿ ಬರುವ ಸ್ಥಳದಲ್ಲಿ ಕನ್ನಡದ ಒಂದು ಸಾಲು ಕೇಳಿದರೆ ಅದು ಹಠವಲ್ಲ, ಸೌಕರ್ಯದ ಮಾತು.

6. ಕೆಟ್ಟು ನಿಂತಾಗ

ಬೋರ್ಡು ಚೆನ್ನಾಗಿ ನಡೆಯುವ ದಿನವನ್ನು ಎಲ್ಲರೂ ಯೋಚಿಸುತ್ತಾರೆ. ಕೆಟ್ಟ ದಿನವನ್ನು ಯೋಚಿಸುವವನೇ ಒಳ್ಳೆಯ ವಿನ್ಯಾಸಕಾರ. ಸುದ್ದಿ ತರುವ ಜಾಲದ ಸಂಪರ್ಕ ಕಡಿದುಹೋದರೆ ಬೋರ್ಡು ಏನು ತೋರಿಸಬೇಕು? ಒಂದು ಗಂಟೆಯ ಹಿಂದಿನ ಸುದ್ದಿಯನ್ನೇ ಹೊಸದೆಂಬಂತೆ ತೋರಿಸುತ್ತಿದ್ದರೆ ಅದು ಬೋರ್ಡಿಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಸಂಪರ್ಕ ಇಂತಿಷ್ಟು ನಿಮಿಷ ಇಲ್ಲದಿದ್ದರೆ ‘ಮಾಹಿತಿ ಸದ್ಯಕ್ಕಿಲ್ಲ, ವಿಚಾರಣೆಯ ಕಿಟಕಿಯಲ್ಲಿ ಕೇಳಿ’ ಎಂಬ ಸ್ಥಿರವಾದ ಮಾತು ತಾನಾಗಿ ಬರಬೇಕು. ವಿದ್ಯುತ್ತೇ ಹೋದರೆ? ಅದಕ್ಕಾಗಿ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಒಂದು ಹಳೆಯ ಮಾದರಿಯ ಬೋರ್ಡು ಇರಲಿ.

ಹಾಗೆಯೇ, ಒಂದು ತುಂಡು ಸುಟ್ಟರೆ ಎಷ್ಟು ಗಂಟೆಯೊಳಗೆ ಬದಲಿಸಬೇಕು, ಹೆಚ್ಚುವರಿ ತುಂಡುಗಳು ಎಲ್ಲಿರುತ್ತವೆ, ಬೋರ್ಡಿನ ಮಾತನ್ನು ಬರೆಯುವ ಅಧಿಕಾರ ಯಾರಿಗಿದೆ, ತಪ್ಪು ಕಂಡವನು ಯಾರಿಗೆ ಹೇಳಬೇಕು ಎಂಬುದನ್ನೂ ಕಾಗದದಲ್ಲಿ ಬರೆಯಬೇಕು. ಬೋರ್ಡು ಕೊಳ್ಳುವುದಕ್ಕೆ ಹಣವಿದ್ದು, ಅದಕ್ಕೆ ದಿನವೂ ಮಾತು ಬರೆಯುವ ಒಬ್ಬ ಮನುಷ್ಯನಿಗೆ ಸಂಬಳವಿಲ್ಲದಿದ್ದರೆ ಯೋಜನೆ ಅರ್ಧವೇ ಸರಿ.

7. ಕಾಗದದ ಬೋರ್ಡಿನ ಪರೀಕ್ಷೆ

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಪರೀಕ್ಷೆ. ಇಂಗ್ಲೆಂಡಿನಲ್ಲಿ ಮೊದಲ ಮೋಟಾರು ಹೆದ್ದಾರಿ 1958ರಲ್ಲಿ ತೆರೆದಾಗ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬಿಬ್ಬರು ಅದರ ಸೂಚನಾಫಲಕಗಳನ್ನು ವಿನ್ಯಾಸ ಮಾಡಿದರು. ಆ ಕಾಲದಲ್ಲಿ ಯಾವ ಅಕ್ಷರ ಮೇಲು ಎಂಬ ಚರ್ಚೆ ಎದ್ದು, ಒಂದು ವಿಮಾನ ನಿಲ್ದಾಣದ ಬಯಲಿನಲ್ಲಿ ಜನರನ್ನು ಕುರ್ಚಿಗಳಲ್ಲಿ ಕೂರಿಸಿ, ಕಾರಿನ ಮೇಲೆ ಫಲಕ ಕಟ್ಟಿಕೊಂಡು ಅವರ ಕಡೆಗೆ ಓಡಿಸಿ, ಯಾವುದು ಎಷ್ಟು ದೂರದಿಂದ ಓದಲು ಬರುತ್ತದೆಂದು ಅಳೆದರು. ಪಂಡಿತರ ವಾದ ಒಂದು ಕಡೆ. ಕುರ್ಚಿಯಲ್ಲಿ ಕುಳಿತ ಸಾಮಾನ್ಯನ ಕಣ್ಣು ಇನ್ನೊಂದು ಕಡೆ.

ನಮಗೆ ವಿಮಾನ ನಿಲ್ದಾಣ ಬೇಡ. ಬೋರ್ಡಿನ ನಿಜವಾದ ಅಳತೆಯಲ್ಲಿ ಕಪ್ಪು ಕಾಗದದ ಮೇಲೆ ಹಳದಿ ಅಕ್ಷರ ಅಂಟಿಸಿ, ನಿಜವಾದ ಸ್ಥಳದಲ್ಲಿ ನಿಜವಾದ ಎತ್ತರಕ್ಕೆ ಕಟ್ಟಿ, ಯೋಜನೆಯ ಪರಿಚಯವಿಲ್ಲದ ಹತ್ತು ಮಂದಿಯನ್ನು ಕರೆದು ಕೇಳಿದರೆ ಸಾಕು. ‘ಬೋರ್ಡು ಚೆನ್ನಾಗಿದೆಯೆ?’ ಎಂದು ಕೇಳಬಾರದು. ಸೌಜನ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ. ‘ಇದನ್ನು ಓದಿ ನೀವು ಈಗ ಯಾವ ಕಡೆಗೆ ಹೋಗುತ್ತೀರಿ?’ ಎಂದು ಕೇಳಬೇಕು. ಹತ್ತರಲ್ಲಿ ಮೂವರು ಬೇರೆ ಕಡೆಗೆ ಕೈ ತೋರಿಸಿದರೆ ತಪ್ಪು ಆ ಮೂವರದಲ್ಲ, ಬೋರ್ಡಿನದು. ಕೆಂಪು ಹಸಿರುಗಳ ಭೇದ ಕಾಣದವರೂ ಗಂಡಸರಲ್ಲಿ ಕೆಲವರು ಇರುವುದರಿಂದ, ಬರಿಯ ಬಣ್ಣದಿಂದ ಅರ್ಥ ಹೇಳುವ ಸೂಚನೆಯನ್ನು ಇಲ್ಲಿಯೇ ತೆಗೆದುಹಾಕಬೇಕು.

8. ಸಿಂಹಸ್ಥದ ಮಾತು

ಈ ಪಾಠ ಬರಿಯ ಪಾಠವಾಗಿ ಉಳಿಯಬಾರದೆಂಬುದಕ್ಕೆ ನಾಸಿಕದಲ್ಲಿ ದೊಡ್ಡ ಕಾರಣವಿದೆ. ಗುರು ಸಿಂಹರಾಶಿಗೆ ಬಂದಾಗ, ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕ ಮತ್ತು ತ್ರ್ಯಂಬಕೇಶ್ವರಗಳಲ್ಲಿ ಸಿಂಹಸ್ಥ ಕುಂಭಮೇಳ ನಡೆಯುತ್ತದೆ. ಹಿಂದಿನದು 2015ರಲ್ಲಿ ನಡೆಯಿತು. ಈ ಬಾರಿಯ ಮುಖ್ಯ ಸ್ನಾನಗಳು 2027ರ ಆಗಸ್ಟ್ ಮತ್ತು ಸೆಪ್ಟೆಂಬರಿಗೆ ನಿಗದಿಯಾಗಿವೆ. 2003ರ ಮೇಳದಲ್ಲಿ ಆಗಸ್ಟ್ 27ರಂದು ನೂಕುನುಗ್ಗಲಿನಲ್ಲಿ 39 ಮಂದಿ ಪ್ರಾಣ ಕಳೆದುಕೊಂಡರು. ಬೋರ್ಡೊಂದರಿಂದಲೇ ಜನಸಂದಣಿಯನ್ನು ತಡೆಯಲಾಗದು. ಅದಕ್ಕೆ ರಸ್ತೆ, ಪೊಲೀಸು, ಸ್ವಯಂಸೇವಕರು ಎಲ್ಲವೂ ಬೇಕು. ಆದರೆ ಇಕ್ಕಟ್ಟಾದ ಓಣಿಯಲ್ಲಿ ಬೋರ್ಡು ಓದಲು ನಿಂತ ಹತ್ತು ಜನರೇ ಹಿಂದಿನ ಸಾವಿರ ಜನರಿಗೆ ತಡೆಯಾಗುತ್ತಾರೆಂಬುದನ್ನು ಮರೆಯಬಾರದು. ಆದುದರಿಂದ ದಾರಿ ಕವಲಾಗುವ ಜಾಗದಲ್ಲಿ ಬೋರ್ಡು ನಿಲ್ಲಿಸಬಾರದು. ಅದಕ್ಕೆ ಮುಂಚೆ, ಅಗಲವಾದ ಕಡೆಯಲ್ಲಿ ನಿಲ್ಲಿಸಬೇಕು. ನಡೆಯುತ್ತಲೇ ಓದಿ ಮುಗಿಸುವಷ್ಟು ಚಿಕ್ಕದಾಗಿ ಮಾತಿರಬೇಕು. ಆಗಸ್ಟ್ ತಿಂಗಳು ಮಳೆಗಾಲ. ಎಲ್ಲರ ಕೈಯಲ್ಲಿ ಕೊಡೆ. ತಲೆಯ ಮಟ್ಟದ ಬೋರ್ಡು ಕೊಡೆಗಳ ಹಿಂದೆ ಮುಳುಗಿಹೋಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೇಳಕ್ಕೆ ಕರ್ನಾಟಕದ ಯಾತ್ರಿಕರೂ ಬರುತ್ತಾರೆ. ಅವರಲ್ಲಿ ಹಲವರಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಸುಮಾರು 30 ಕಿಲೋಮೀಟರು ದೂರದ ತ್ರ್ಯಂಬಕೇಶ್ವರಕ್ಕೆ ಬಸ್ಸು ಎಲ್ಲಿ ಸಿಗುತ್ತದೆ, ನಾಸಿಕ ರೋಡ್ ನಿಲ್ದಾಣಕ್ಕೆ ಹಿಂದಿರುಗುವ ದಾರಿ ಯಾವುದು, ತಪ್ಪಿಸಿಕೊಂಡ ಮಗುವನ್ನು ಎಲ್ಲಿ ಕೇಳಬೇಕು ಎಂಬುದು ಅವರಿಗೆ ಅವರ ಮಾತಿನಲ್ಲಿ ತಿಳಿಯಬೇಡವೆ? ಇಲ್ಲಿ ನಮ್ಮಂಥ ಸಂಘಗಳ ಓದುಗರು ಮಾಡಬಹುದಾದ ಕೆಲಸವೊಂದಿದೆ. ಬೇಕಾಗಬಹುದಾದ ಇಪ್ಪತ್ತೋ ಮೂವತ್ತೋ ಚಿಕ್ಕ ಸೂಚನೆಗಳನ್ನು ತಿಳಿಗನ್ನಡದಲ್ಲಿ, ಯೂನಿಕೋಡ್ ಕ್ರಮದಲ್ಲಿ, ಪಕ್ಕದಲ್ಲಿ ಮರಾಠಿ ಅರ್ಥದೊಡನೆ ಬರೆದು ಸಿದ್ಧವಾಗಿಟ್ಟುಕೊಳ್ಳುವುದು. ವಿನ್ಯಾಸ ಇನ್ನೂ ಕಾಗದದ ಮೇಲಿರುವಾಗಲೇ ಅದನ್ನು ಸಂಬಂಧಪಟ್ಟ ಕಚೇರಿಗೆ ವಿನಯದಿಂದ ಒಪ್ಪಿಸುವುದು. ‘ನಿರ್ಗಮನ’ ಎಂದು ಬರೆದರೆ ಹಳ್ಳಿಯ ಯಾತ್ರಿಕನು ನಿಂತು ಯೋಚಿಸುತ್ತಾನೆ; ‘ಹೊರಗೆ ಹೋಗುವ ದಾರಿ’ ಎಂದರೆ ನಡೆದುಬಿಡುತ್ತಾನೆ. ಈ ವ್ಯತ್ಯಾಸವನ್ನು ಯಂತ್ರದ ಭಾಷಾಂತರಕ್ಕಿಂತ ನಮ್ಮ ಓದುಗರು ಚೆನ್ನಾಗಿ ಬಲ್ಲರು. ಬೋರ್ಡು ಏರಿದ ಮೇಲೆ ಅದರ ಕನ್ನಡವನ್ನು ನೋಡಿ ನಗುವುದು ಸುಲಭ. ಏರುವ ಮೊದಲು ತಿದ್ದಿಕೊಡುವುದು ಉಪಕಾರ.

ಅಭ್ಯಾಸ

(1) ನೀವು ದಿನವೂ ಹತ್ತುವ ಬಸ್ಸಿನ ಬೋರ್ಡನ್ನು ಎಷ್ಟು ಹೆಜ್ಜೆ ದೂರದಿಂದ ಓದಬಲ್ಲಿರಿ? ಎಣಿಸಿ ಬರೆಯಿರಿ. ಅದೇ ದೂರವನ್ನು ಮನೆಯ ಹಿರಿಯರಿಂದಲೂ ಓದಿಸಿ ನೋಡಿರಿ.

(2) ನಿಮ್ಮ ಕಾರ್ಖಾನೆಯ ಅಥವಾ ಕಚೇರಿಯ ಬೋರ್ಡೊಂದರ ಮಾತನ್ನು ಬರೆದುಕೊಂಡು, ಓದಿದವನು ಮಾಡಬೇಕಾದ ಕೆಲಸಕ್ಕೆ ಸಂಬಂಧವಿಲ್ಲದ ಪದಗಳನ್ನು ಹೊಡೆದುಹಾಕಿರಿ. ಎಷ್ಟು ಉಳಿಯಿತು?

(3) ನಿಮ್ಮ ಊರಿನ ಹೆಸರನ್ನು ಚೌಕುಳಿ ಕಾಗದದ ಮೇಲೆ 16 ಚೌಕಗಳ ಎತ್ತರದಲ್ಲಿ ಒತ್ತಕ್ಷರ ಸಹಿತ ಬರೆಯಲು ಪ್ರಯತ್ನಿಸಿರಿ. ಆಮೇಲೆ 24 ಚೌಕಗಳಲ್ಲಿ ಬರೆದು ಹೋಲಿಸಿರಿ.

(4) ಯಾತ್ರಿಕರಿಗೆ ಬೇಕಾಗುವ ಐದು ಸೂಚನೆಗಳನ್ನು, ಒಂದೊಂದರಲ್ಲಿ ನಾಲ್ಕು ಪದ ಮೀರದಂತೆ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ವಾಚನಾಲಯದ ಮೇಜಿನ ಮೇಲಿಡಿರಿ. ಎಲ್ಲರೂ ಸೇರಿ ತಿದ್ದೋಣ.